ಹುಲ್ಲು ಕೊಯ್ಯೋರಿಗೆ ಸೀಟಿಲ್ಲದ ವಿಮಾನ

ವೊಕಾಮು ಹಳ್ಳಿ, ಪಾಪುವಾ ನ್ಯೂಗಿನಿ
೧೬ ಜುಲೈ ೨೦೨೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ, ಜೈ ಭೀಮ್.

ಹೇಗಿದ್ದೀಯ? ಮಂಡಿನೋವು ಇಳೀತಾ? ಬೀಡಿ ಬಿಟ್ಟೆ ಅಂತ ಹೋದ ಕಾಗದದಲ್ಲಿ ಬರೆದಿದ್ದೀಯ, ನಾನು ನಂಬಲ್ಲ. ಅವ್ವನಿಗೆ ಕಡೂರಲ್ಲಿ ಕಣ್ಣಿನ ಆಪರೇಷನ್ ಆಯ್ತಂತಲ್ಲ, ಸದ್ಯಕ್ಕೆ ಒಲೆ ಮುಂದೆ ಕೂರಬೇಡ ಅಂತ ಹೇಳು. ಹೇಳಿದರೆ ಕೇಳೋಳಲ್ಲ, ಆದರೂ ಹೇಳು. ಕೆಂಚಮ್ಮತ್ತೆ ಇನ್ನೂ ಚೌಳಹಿರಿಯೂರಿನ ತುಂಬಾ "ನಮ್ ಭೂಮಿಕಾನ್ನ ಕಾಡುಜನ ಸುಟ್ಕಂಡು ತಿಂದ್ಬಿಟ್ಟಿರ್ತಾರೆ ಕಣ್ರೀ" ಅಂತ ಸಾರಿಕೊಂಡು ತಿರುಗ್ತಿದ್ದಾಳಾ? ಇಲ್ಲಿ ಜನ ತಿನ್ನೋದು ಗೆಣಸು ಅಂತ ಅವಳಿಗೆ ಹೇಳು. ಬೆಳಿಗ್ಗೆ ಗೆಣಸು, ಸಂಜೆ ಗೆಣಸು, ನೆಂಟರು ಬಂದರೂ ಗೆಣಸು. ಮನುಷ್ಯರನ್ನ ತಿನ್ನೋರನ್ನ ನೋಡೋಕೆ ನಾನು ಇಷ್ಟು ದೂರ ಬರಬೇಕಿರಲಿಲ್ಲ. ನಮ್ಮ ಕೇರಿಯಿಂದ ಬಾವಿಗೆ ಹೋಗೋ ದಾರಿಯಲ್ಲೇ ಸಾಕಷ್ಟು ಜನ ಸಿಗೋರು.

ಈ ಊರಿಗೆ ರಸ್ತೆ ಇಲ್ಲ. ಕೆಟ್ಟ ರಸ್ತೆ ಅಂತಲ್ಲ, ರಸ್ತೆಯೇ ಇಲ್ಲ. ಬೆಟ್ಟ, ಕಣಿವೆ, ಮತ್ತೆ ಬೆಟ್ಟ. ಹೊಳೆ ದಾಟೋಕೆ ಬಳ್ಳಿಯ ಸೇತುವೆ. ಹುಲ್ಲು ಹೊದಿಸಿದ ಗುಂಡಗಿನ ಮನೆಗಳು, ಒಳಗೆ ನಡುವೆ ಬೆಂಕಿ, ಹೊಗೆ ಹೋಗೋಕೆ ಕಿಂಡಿಯಿಲ್ಲ. ಅದಕ್ಕೇ ಕೂಸಿನಿಂದ ಮುದುಕರ ತನಕ ಕೆಮ್ಮು. ನನ್ನ ಆಸ್ಪತ್ರೆ ಅಂದರೆ ತಗಡಿನ ಎರಡು ಕೋಣೆ, ಲಸಿಕೆ ಇಡೋಕೆ ಸೋಲಾರ್ ಫ್ರಿಜ್ಜು, ಒಂದು ವೈರ್‌ಲೆಸ್ ರೇಡಿಯೋ. ಹೆಂಗಸರು ಹಣೆಯಿಂದ ಬೆನ್ನಿಗೆ ಬಲೆಚೀಲ ಇಳಿಬಿಟ್ಟುಕೊಂಡು ಅದರಲ್ಲೇ ಗೆಣಸು, ಸೌದೆ, ಮೇಲೆ ಕೂಸನ್ನೂ ಹೊತ್ತು ಬೆಟ್ಟ ಹತ್ತುತ್ತಾರೆ. ನನ್ನನ್ನ ಇಲ್ಲಿಗೆ ನರ್ಸಾಗಿ ಕಳಿಸಿದ ಸಂಸ್ಥೆಯ ದೊಡ್ಡೋರು ಇವರನ್ನ ಹಿಂದುಳಿದವರು ಅಂತ ವರದಿಯಲ್ಲಿ ಬರೀತಾರೆ. ಸುಳ್ಳು ಅಪ್ಪಾ. ಇವರಾಗೇ ಹಿಂದುಳಿದಿಲ್ಲ, ಹಿಡಿದು ಹಿಂದೆ ನಿಲ್ಲಿಸಿದ್ದಾರೆ. ಆ ಆಟ ನಮಗೇನು ಹೊಸದಾ?

ಹೊರಗಿನ ಲೋಕಕ್ಕೆ ಇವರಿಗಿರೋ ದಾರಿ ಅಂದರೆ ಬೆಟ್ಟದ ಓರೆಯಲ್ಲಿರೋ ಒಂದು ಹುಲ್ಲಿನ ಪಟ್ಟಿ. ಪುಟ್ಟ ವಿಮಾನ ಅದರ ಮೇಲೇ ಇಳಿಯಬೇಕು. ಇಲ್ಲಿ ಮಳೆಗೆ ಹುಲ್ಲು ಬಿಡುವಿಲ್ಲದೆ ಬೆಳೆಯುತ್ತೆ, ಮೊಣಕಾಲು ಮುಟ್ಟಿದರೆ ವಿಮಾನ ಇಳಿಯಲ್ಲ. ಅದನ್ನ ಕೊಯ್ಯೋರು ಹೆಂಗಸರು. ಬಗ್ಗಿ, ಮಚ್ಚು ಬೀಸಿ, ಬಿಟ್ಟಿ ಚಾಕರಿ. ಹಿಂದಿನಿಂದ ನಡೆದುಬಂದಿದ್ದು ಅಂತಾರೆ, ಈ ಮಾತನ್ನೂ ಎಲ್ಲೋ ಕೇಳಿದ್ದೀಯಲ್ಲ? ವಿಮಾನ ಹತ್ತೋರು ಮಾತ್ರ ಗಂಡಸರು, ಸಾಹೇಬರು, ಕಾಫಿ ಮೂಟೆಗಳು. ಹೌದು, ಕಾಫಿ. ಇಲ್ಲೂ ಹಣ್ಣು ಬಿಡಿಸೋ ಹೆಂಗಸರ ಬೆರಳು ಕಪ್ಪಾಗಿರುತ್ತೆ. ಅವ್ವ ಸೀಸನ್‌ಗೆ ಗಿರಿಯ ಮೇಲಿನ ತೋಟಕ್ಕೆ ಹೋಗಿ ಬಂದಾಗ ಅವಳ ಬೆರಳು ಹೀಗೇ ಇರ್ತಿತ್ತು.

ಇದಕ್ಕೆ ತಿರುಗಿ ನಿಂತವಳು ರೆಬೆಕಾ ಅನ್ನೋ ಮುದುಕಿ. ಈ ಸಲದ ಕಾಫಿ ಕೊಯ್ಲು ಶುರುವಾದಾಗ ಅವಳ ಮಗಳು ಹೊಟ್ಟೆನೋವಿಂದ ಹೊರಳಾಡ್ತಾ ವಿಮಾನದ ರೆಕ್ಕೆ ಕೆಳಗೇ ಮಲಗಿದ್ದಳು. ಕಾಫಿ ಕೊಳ್ಳೋ ಏಜೆಂಟು ಮೂಟೆ ತುಂಬಿಸಿ, ತೂಕ ಮುಗೀತು, ಮುಂದಿನ ಸಲ ನೋಡೋಣ ಅಂದ. ನಾನು ಅವನ ಅಂಗಿ ಹಿಡಿದು ಜಗಳವಾಡಿದೆ, ಪ್ರಯೋಜನವಾಗಲಿಲ್ಲ. ಹುಡುಗಿ ಮುಂದಿನ ಸಲದ ತನಕ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ರೆಬೆಕಾ ಮಚ್ಚನ್ನ ಗಂಡಸರ ಮುಂದೆ ಎಸೆದು, "ಇನ್ನು ನಿಮ್ಮ ಮೂಟೆಗಳೇ ಎದ್ದು ಬಂದು ಹುಲ್ಲು ಕೊಯ್ದುಕೊಳ್ಳಲಿ" ಅಂದಳು. ಊರಿನ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟರು. ಯಾವ ವಿಮಾನ ಬಂದರೂ ಮೊದಲು ಕಾಯಿಲೆಯವರಿಗೆ ಜಾಗ, ಆಮೇಲೆ ಮೂಟೆ. ಕೇಳಿದ್ದು ಇಷ್ಟೇ. ಗಂಡಸರು ಆಯ್ತು ಆಯ್ತು ಅಂದರು. ಆದರೆ ಇಲ್ಲಿ ಮಾತು ಕೊಡೋದು ಅಂದರೆ ಎಲ್ಲರೆದುರು ಹಂದಿ ಕೊಡಬೇಕು, ಎರಡೂ ಕಡೆಯವರು ಕೂತು ಅದನ್ನ ತಿನ್ನಬೇಕು. ಹಾಗಾದರೇ ಅದು ಮಾತು. ಹಾಗಾದರೆ ಹಂದಿ ಕೊಡಿ ಅಂದಳು ರೆಬೆಕಾ. ಹೆಂಗಸರಿಗೆ ಯಾವತ್ತಾದರೂ ಹಂದಿ ಕೊಟ್ಟಿದ್ದುಂಟಾ ಅಂತ ಗಂಡಸರು ನಕ್ಕರು. ಆ ಹಂದಿಗಳನ್ನ ಮರಿಯಿಂದ ಗೆಣಸು ಹಾಕಿ ಸಾಕಿದ್ದು ಇದೇ ಹೆಂಗಸರು! ರೆಬೆಕಾ ಎದ್ದುಹೋದಳು. ಹುಲ್ಲು ಅಜ್ಜಂಪುರದ ಅಮೃತಮಹಲ್ ಕಾವಲಿನ ಹಾಗೆ ಎದೆಮಟ್ಟ ಬೆಳೀತು. ವಿಮಾನ ಮೇಲೆ ಸುತ್ತುಹಾಕಿ ವಾಪಸ್ ಹೋಯ್ತು. ಕಾಫಿಗೆ ಬೂಷ್ಟು ಹಿಡೀತು. ಒಬ್ಬ ಬಂದು ನನ್ನ ಬಾಗಿಲಿಗೆ ಕೊಡಲಿ ಹೊಡೆದು ಹೋದ, ಎಲ್ಲ ನಾನೇ ಹೇಳಿಕೊಟ್ಟೆ ಅಂತ. ನಾನೇನು ಹೇಳಿಕೊಡಲಿ? ಅವರ ಹೊಟ್ಟೆ ಉರೀತಿತ್ತು, ನಾನು ಪಕ್ಕದಲ್ಲಿ ನಿಂತೆ ಅಷ್ಟೆ.

ಈಗ ರೆಬೆಕಾಳ ಸೊಸೆ ಡೋರಿನ್ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಚೊಚ್ಚಲು ಬಸುರಿ. ಕೈಕಾಲು ಮುಖ ಎಲ್ಲ ಊದಿದೆ, ಬಿ.ಪಿ. ಇಳೀತಿಲ್ಲ, ಕಣ್ಣು ಮಂಜಾಗ್ತಿದೆ ಅಂತಾಳೆ. ಫಿಟ್ಸ್ ತಡೆಯೋ ಇಂಜೆಕ್ಷನ್ ಇದ್ದದ್ದನ್ನೆಲ್ಲ ಕೊಟ್ಟುಬಿಟ್ಟೆ. ತರೀಕೆರೆಯಲ್ಲಿ ನರ್ಸ್ ಆಗಿದ್ದಾಗ ಇಂಥವರನ್ನ ನೋಡಿದ್ದೀನಿ, ಅಲ್ಲಿ ಆಂಬುಲೆನ್ಸಿಗೆ ಹತ್ತಿಸಿ ಕಳಿಸಿದರೆ ಆಯ್ತು. ಇಲ್ಲಿ ಪೇಟೆಯ ಆಸ್ಪತ್ರೆಗೆ ಹೊತ್ತುಕೊಂಡು ಹೊರಟರೆ ದಾರಿಯಲ್ಲೇ ಹೋಗ್ತಾಳೆ. ಗಂಡಸರು ಈಗ ಬಾಗಿಲಲ್ಲಿ ನಿಂತು, "ಏನಮ್ಮಾ, ಸೊಸೆಗಾದರೂ ಹುಲ್ಲು ಕೊಯ್ತೀಯಾ?" ಅಂತ ರೆಬೆಕಾನ್ನ ಹಂಗಿಸ್ತಾರೆ. ನನಗೇ ತಡೆಯೋಕಾಗದೆ, ಕೊಯ್ಯೋಣ ನಡಿಯವ್ವಾ ಅಂತ ಅವಳ ಕೈ ಹಿಡಿದೆ. "ಕೊಯ್ದರೆ ಹತ್ತೋದು ಯಾರು, ಇವಳಾ, ಮೂಟೆನಾ? ನೀನು ಹೇಳು" ಅಂದಳು.

ಅಪ್ಪಾ, ನೀನು ಇನ್ನು ಬಿಟ್ಟಿ ತಮಟೆ ಬಡಿಯಲ್ಲ ಅಂದ ವರ್ಷದ ಕತೆಯನ್ನ ಎಷ್ಟೋ ಸಭೆಯಲ್ಲಿ ಹೇಳಿದ್ದೀಯ. ಅಂಗಡೀಲಿ ಸಾಮಾನು ಕೊಡಲಿಲ್ಲ, ಗಿರಣೀಲಿ ರಾಗಿ ಬೀಸಲಿಲ್ಲ, ಎಲ್ಲ ಹೇಳ್ತೀಯ. ಒಂದನ್ನ ಮಾತ್ರ ಹೇಳಲ್ಲ. ಅದನ್ನ ನನಗೆ ಹೇಳಿದ್ದು ಕೆಂಚಮ್ಮತ್ತೆ. ಅವ್ವನಿಗೆ ಹೆರಿಗೆ ನೋವು ಬಂದಾಗ ಟ್ರಾಕ್ಟರಿನೋನು, "ತಮಟೆ ತಗೊಂಡ್ ಬಾರೋ ಲಕ್ಷ್ಮಣ, ಟ್ರಾಕ್ಟರ್ ಈಚೆ ತೆಗೀತೀನಿ" ಅಂದನಂತೆ. ನೀನು ಗೋಡೆಗೆ ನೇತುಹಾಕಿದ್ದ ತಮಟೆ ಕಡೆ ನೋಡಿದೆಯಂತೆ. ಒಳಗಿಂದ ಅವ್ವ, "ಅದನ್ನ ಮುಟ್ಟೀಯ ಜೋಕೆ" ಅಂದಳಂತೆ. ಮಂಚದ ಮೇಲೆ ಹೊತ್ತು, ರಸ್ತೆಗೆ ತಂದು, ಲಾರಿ ಸಿಕ್ಕಿ ಕಡೂರು ಮುಟ್ಟೋ ಹೊತ್ತಿಗೆ ಕೂಸು ಇರಲಿಲ್ಲ. ನೀನು ತಪ್ಪು ಮಾಡಿದೆ ಅಂತ ನಾನು ಹೇಳ್ತಿಲ್ಲ. ತಪ್ಪು ಆ ಟ್ರಾಕ್ಟರಿನೋನದ್ದು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಮಂಚಕ್ಕೆ ಹೆಗಲು ಕೊಟ್ಟು ನಡೀವಾಗ ನಿನಗೆ ಏನನ್ನಿಸ್ತು? ಎದುರಿಗೆ ಕೂತು ಕೇಳೋ ಧೈರ್ಯ ನನಗೆ ಬರಲಿಲ್ಲ. ಇವತ್ತು ಬೇಕಾಗಿದೆ, ಕೇಳ್ತಿದ್ದೀನಿ.

ನಿನ್ನೆ ರೇಡಿಯೋದಲ್ಲಿ ಸಂಸ್ಥೆಯಿಂದ ಹುಕುಂ ಬಂತು. ಇಲ್ಲಿ ಪರಿಸ್ಥಿತಿ ಕೆಟ್ಟಿದೆ, ನಾನು ಹೊರಗೆ ಬರಬೇಕು, ಇವತ್ತು ವಿಮಾನ ಕಳಿಸ್ತಾರಂತೆ, ಅಲ್ಲಿಂದ ಊರಿಗೆ ಟಿಕೆಟ್ಟಂತೆ. ಹೆರಿಗೆಯವಳು ಇದ್ದಾಳೆ ಅಂದೆ. ಸಿಬ್ಬಂದಿಗೆ ಮಾತ್ರ ಸೀಟು, ಉಳಿದ ತೂಕ ಏಜೆಂಟಿಗೆ ಕೊಟ್ಟಾಗಿದೆ ಅಂದರು. ಇಷ್ಟು ನಿರ್ಲಜ್ಜವಾಗಿ ಹೇಳೋಕೆ ಎಷ್ಟು ಓದಿರಬೇಕೋ! ರೆಬೆಕಾಗೆ ಹೇಳಿದೆ. ಮನೆಗೆ ಹೋಗೋ ಮಗಳ ದಾರಿಗೆ ಅಡ್ಡ ಬರಲ್ಲ ಅಂದಳು. ಬೆಳಕು ಹರಿದಾಗಿನಿಂದ ಹೆಂಗಸರೆಲ್ಲ ಸಾಲಾಗಿ ನಿಂತು ಹುಲ್ಲು ಕೊಯ್ತಿದ್ದಾರೆ. ಮಚ್ಚಿನ ಸಪ್ಪಳ ಇಲ್ಲಿಗೆ ಕೇಳುತ್ತೆ. ಗಂಡಸರು ಗೆದ್ದೆವು ಅಂತ ಶಿಳ್ಳೆ ಹೊಡೀತಾ ಮೂಟೆ ತಂದು ಪಟ್ಟಿಯ ಅಂಚಲ್ಲಿ ಒಟ್ಟುತ್ತಿದ್ದಾರೆ. ನನ್ನ ಟ್ರಂಕು ಬಾಗಿಲಲ್ಲಿದೆ. ಡೋರಿನ್ ಅದನ್ನೇ ನೋಡ್ತಾ ಮಲಗಿದ್ದಾಳೆ.

ಅವ್ವನ ಕಣ್ಣಿಗೆ ಹನಿ ಹಾಕೋದು ತಪ್ಪಿಸಬೇಡ. ತಮ್ಮ ಪ್ರಕಾಶನಿಗೂ ಅವನನ್ನ ಕಟ್ಟಿಕೊಳ್ಳೋ ಹುಡುಗಿಗೂ ನನ್ನ ಪ್ರೀತಿ. ಕೆಂಚಮ್ಮತ್ತೆಗೆ ನಾನಿನ್ನೂ ಇಡಿಯಾಗಿದ್ದೀನಿ ಅಂತ ತಿಳಿಸು. ಕೇರಿಯ ಎಲ್ಲರಿಗೂ ಜೈ ಭೀಮ್.

ನಿನ್ನ ಮಗಳು,
ಭೂಮಿಕಾ

ಮರೆತಿದ್ದೆ: ಪ್ರಕಾಶನ ಮದುವೆಗೆ ನಾನು ಬರಲ್ಲ. ವಿಮಾನದ ಸದ್ದು ಕೇಳ್ತಿದೆ, ಬೇಗ ಬರೀತೀನಿ. ನನ್ನ ಸೀಟಿಗೆ ಡೋರಿನ್, ಟ್ರಂಕಿನ ತೂಕಕ್ಕೆ ಮೂಳೆಚಕ್ಕಳದ ರೆಬೆಕಾ. ಪೈಲಟ್ ಒಪ್ಪೋ ತನಕ ಹೆಂಗಸರು ಮಚ್ಚು ಹಿಡಿದು ವಿಮಾನದ ಸುತ್ತ ಕೂರ್ತಾರೆ. ಬೆಳಿಗ್ಗೆ ಅವರು ಹುಲ್ಲು ಕೊಯ್ಯೋವಾಗಲೇ ಹೋಗಿ ಹೇಳಿಬಂದೆ, ಗಂಡಸರಿಗೆ ಇನ್ನೂ ಗೊತ್ತಿಲ್ಲ. ನನ್ನ ಕೆಲಸ ಹೋಗುತ್ತೆ, ಇನ್ನೊಂದು ವಿಮಾನ ಯಾವಾಗ ಬರುತ್ತೋ ಗೊತ್ತಿಲ್ಲ. ಬೈಕೊಳ್ಳಬೇಡ. ಈ ಕಾಗದವನ್ನ ರೆಬೆಕಾ ಕೈಗೆ ಕೊಡ್ತೀನಿ, ಡೋರಿನ್ ಜೀವಂತ ಆಸ್ಪತ್ರೆ ಸೇರಿದರೆ ಮಾತ್ರ ಅಂಚೆಗೆ ಹಾಕು ಅಂತ ಹೇಳಿ. ನೀನು ಇದನ್ನ ಓದ್ತಿದ್ದರೆ ಅವಳು ಸೇರಿದಳು ಅಪ್ಪಾ.