ಒಂದು ಸಹಿ, ಅಷ್ಟೇ

ಬುಧವಾರ, ಮಧ್ಯಾಹ್ನ

ಪ್ರೀತಿಯ ಗುಂಡಕ್ಕ,

ಈಗ ಆ ಹೆಸರು ನಿನಗೆ ನಿಜಕ್ಕೂ ಒಪ್ಪುತ್ತಿರಬೇಕು. ಕಳೆದ ಸಲ ನಾನು ಬಂದಾಗಲೇ ಕುರ್ಚಿಯಿಂದ ಏಳಲು ನೀನು ಮೇಜು ಹಿಡಿದುಕೊಳ್ಳುತ್ತಿದ್ದೆ. ಕಾಲಿನ ಊತ ಇಳಿಯಿತೇ? ಅಮ್ಮ ಇಷ್ಟರಲ್ಲಿ ನಿನ್ನ ಅಡುಗೆಮನೆಯ ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿರುತ್ತಾಳೆ. ಸಕ್ಕರೆ ಎಲ್ಲಿದೆ ಎಂದು ನೀನು ಅವಳನ್ನೇ ಕೂಗಿ ಕೇಳಬೇಕು, ಅದೇ ಅವಳ ಉಪಾಯ. ಕೇಳು, ಪಾಪ. ಖುಷಿಪಡಲಿ.

ಒಂದು ಸಹಾಯ ಬೇಕಾಗಿ ಬರೆಯುತ್ತಿದ್ದೇನೆ. ಮುಂದಿನ ವಾರ ಮನೆಗೆ ಬಂದು ತನ್ನ ಬೆಚ್ಚನೆಯ ಬಟ್ಟೆಗಳನ್ನು ಒಯ್ಯುತ್ತೇನೆ ಎಂದು ಅಮ್ಮ ಹೇಳುತ್ತಿದ್ದಾಳಲ್ಲ, ಅದನ್ನು ಹೇಗಾದರೂ ತಪ್ಪಿಸು. ಹೆರಿಗೆ ಮುಗಿಯುವವರೆಗೂ, ಸಾಧ್ಯವಾದರೆ ಆಮೇಲೂ ಸ್ವಲ್ಪ ದಿನ, ಅವಳು ಅಲ್ಲೇ ಇರಲಿ. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಆ ವಾಸನೆಗೆ ಅವಳ ಉಬ್ಬಸ ಹೆಚ್ಚುತ್ತದೆ ಎಂದು ಹೇಳು. ಅದು ಪೂರ್ತಿ ಸುಳ್ಳೇನಲ್ಲ. ಬೀದಿ ಕಡೆಯ ಗೋಡೆಗೆ ನಾನೇ ಸುಣ್ಣ ಬಳಿದೆ. ಯಾರೋ ಅದರ ಮೇಲೆ ಬರೆದಿದ್ದರು. ಏನು ಬರೆದಿದ್ದರೆಂದು ಕೇಳಬೇಡ. ಎರಡು ಸಲ ಬಳಿದರೂ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಕಾಣುತ್ತವೆ.

ನಿನಗೆ ಹೇಳದೆ ಇರೋಣ ಎಂದುಕೊಂಡಿದ್ದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಇದೆಲ್ಲ ಯಾಕೆ ಎಂದು. ಆದರೆ ಅರ್ಧ ಹೇಳಿದರೆ ನೀನು ಉಳಿದರ್ಧವನ್ನು ಇನ್ನೂ ಕೆಟ್ಟದಾಗಿ ಊಹಿಸಿಕೊಳ್ಳುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಮೊದಲಿಂದ ಹೇಳುತ್ತೇನೆ.

ಚುನಾವಣೆಯಲ್ಲಿ ನಾನು ಓಡಾಡಿದ್ದು ನಿನಗೆ ಗೊತ್ತು. ಯಾಕೆ ಓಡಾಡಿದೆ ಎಂದು ಮಾತ್ರ ಯಾವತ್ತೂ ಸರಿಯಾಗಿ ಹೇಳಲಿಲ್ಲ. ನಮ್ಮ ಲೆಕ್ಕದ ಮೇಡಂ ಇದ್ದಾರಲ್ಲ, ನಿನ್ನ ಕಿವಿ ಹಿಂಡಿದವರು, ಅವರು ನಗರಸಭೆಗೆ ನಿಲ್ಲುವ ಮುಂಚೆ ಒಂದು ದಿನ ನಮ್ಮ ಸಲೂನಿಗೆ ಬಂದರು. ಆ ಉದ್ದ ಜಡೆ ಬಿಚ್ಚಿ, "ಪೂರ್ತಿ ಗಿಡ್ಡ ಮಾಡಿಬಿಡು, ಇನ್ನು ಬಾಚೋಕೂ ಪುರುಸೊತ್ತಿರಲ್ಲ" ಅಂದರು. ನಾನು ಕತ್ತರಿಸುತ್ತಿರುವಾಗ ಕನ್ನಡಿಯಲ್ಲೇ ನನ್ನನ್ನು ನೋಡಿ, "ಓಟು ಯಾರಿಗೆ ಹಾಕ್ತೀಯ ಅಂತ ಕೇಳಲ್ಲ ಕಣೇ. ನಿಂಗೆ ಏನು ಬೇಕು, ಅದು ಹೇಳು" ಅಂದರು.

ಅಕ್ಕ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಗಿರಾಕಿಗಳಿಗೆ ಏನು ಬೇಕು ಎಂದು ದಿನವಿಡೀ ಕೇಳುವವಳು ನಾನು. ಸುಮಾರು ಹೊತ್ತು ಯೋಚಿಸಿ, "ಬಸ್ ಸ್ಟಾಪಿನಿಂದ ನಮ್ಮ ಮನೆವರೆಗೆ ಒಂದು ದೀಪ" ಅಂದೆ. ಅಷ್ಟು ದೊಡ್ಡ ಪ್ರಶ್ನೆಗೆ ಇಷ್ಟು ಸಣ್ಣ ಉತ್ತರವೇ ಎಂದು ನನಗೇ ನಾಚಿಕೆಯಾಯಿತು. ಮೇಡಂ ನಗಲಿಲ್ಲ. "ಅದು ಆಗೋ ಕೆಲಸ" ಅಂದರು. ಮಾರನೇ ದಿನದಿಂದ ನಾನು ಕೆಲಸ ಬಿಟ್ಟ ಮೇಲೆ ಅವರ ಜೊತೆ ಮನೆ ಮನೆ ತಿರುಗಿದೆ.

ನಾವು ಗೆದ್ದ ದಿನ ನಿನಗೆ ಫೋನಿನಲ್ಲಿ ಕಿರುಚಿದ್ದೆನಲ್ಲ. ಮುಂದಿನ ದಿನಗಳಲ್ಲಿ ನಮ್ಮ ಸಲೂನಿನಲ್ಲಿ ಏನಾಯಿತು ಗೊತ್ತೇ? ಹೆಂಗಸರೆಲ್ಲ ದೂರು ಹೇಳಲು ಶುರು ಮಾಡಿದರು. ಚರಂಡಿ, ನಲ್ಲಿ, ಬೀದಿನಾಯಿ, ಆಸ್ಪತ್ರೆಯ ಮುಚ್ಚಿದ ಬಾಗಿಲು, ಒಂದೇ ಎರಡೇ. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತು, "ನಿಮ್ಮ ಮೇಡಮ್ಮಿಗೆ ಹೇಳು" ಎಂದು ನನ್ನ ಮೇಲೇ ರೇಗುತ್ತಿದ್ದರು. ನಮ್ಮ ಯಜಮಾನಿಗೆ ತಲೆ ಚಿಟ್ಟು ಹಿಡಿದು, "ಇದೇನು ಸಲೂನೋ, ನಗರಸಭೆ ಕಚೇರಿನೋ" ಅನ್ನುತ್ತಿದ್ದಳು. ನನಗೆ ಒಳಗೊಳಗೇ ಸಂತೋಷ. ಕೇಳುವವರಿದ್ದಾರೆ ಎಂದು ನಂಬಿದಾಗ ಮಾತ್ರ ಜನ ದೂರು ಹೇಳುತ್ತಾರೆ. ಹಿಂದೆಲ್ಲ ಎಷ್ಟು ವರ್ಷ ಯಾರೂ ಏನೂ ಹೇಳದೆ ಹೊಲಸು ನೀರು ದಾಟಿಕೊಂಡು ಓಡಾಡಿದರು ನೋಡು.

ದೀಪವೂ ಬಂತು. ಕಂಬ ನೆಟ್ಟ ದಿನ ಮೇಡಂ ಅದರ ಕೆಳಗೆ ನಿಂತು, "ತಗೋ, ನಿನ್ನ ಲೆಕ್ಕ ಚುಕ್ತಾ" ಅಂದರು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಆಮೇಲೆ ನಗರಸಭೆಯ ಸಭೆ ಮುಂದೂಡಿದರು. ಮತ್ತೊಮ್ಮೆ ಮುಂದೂಡಿದರು. ನಂತರ ಮೇಲಿನಿಂದ ಆದೇಶ ಬಂತು, ಫಲಿತಾಂಶ ತನಿಖೆಯಲ್ಲಿದೆ, ಅಲ್ಲಿಯವರೆಗೆ ಹಳೆಯ ಅಧಿಕಾರಿಯೇ ನಗರಸಭೆ ನಡೆಸುತ್ತಾರೆ ಎಂದು. ಪೇಪರಿನಲ್ಲಿ ಒಳಪುಟದಲ್ಲಿ ಎರಡು ಸಾಲು ಬಂದಿತ್ತು, ನೀನು ಓದಿರಲಿಕ್ಕಿಲ್ಲ. ನಮ್ಮಲ್ಲಿ ಗಲಾಟೆ ಏನೂ ಆಗಲಿಲ್ಲ. ಆಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಸಲೂನಿನಲ್ಲಿ ದೂರು ನಿಂತಿತು. ನನಗೆ ಮೊದಲು ಭಯವಾದದ್ದು ಆಗಲೇ. ಈಗ ಬಂದವರು, "ತುದಿ ಸ್ವಲ್ಪ ಕತ್ತರಿಸು" ಅನ್ನುತ್ತಾರೆ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೂದಲು ಒಣಗಿಸುವ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಮತದಾನದ ದಿನ ಮತಗಟ್ಟೆಯ ಒಳಗೆ ಮೇಡಂ ಪರವಾಗಿ ಕೂತವರು ನಾವು ಮೂವರು: ಮೂಲೆಯಂಗಡಿಯ ದರ್ಜಿ, ಔಷಧಿ ಅಂಗಡಿಯ ಯಜಮಾನರು, ಮತ್ತೆ ನಾನು. ಮೊದಲು ದರ್ಜಿಯನ್ನು ತನಿಖೆಯ ಕಚೇರಿಗೆ ಕರೆಸಿಕೊಂಡರು. ಅವನು ಎಂಥ ಮಾತುಗಾರ ನಿನಗೆ ಗೊತ್ತು, ಗುಂಡಿ ಹೊಲಿಯುವಷ್ಟರಲ್ಲಿ ಊರ ಸುದ್ದಿಯೆಲ್ಲ ಹೇಳಿ ಮುಗಿಸುವವನು. ವಾಪಸ್ ಬಂದವನು ಮಾತಾಡಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂರುತ್ತಾನೆ, ಯಂತ್ರ ತುಳಿಯುವುದಿಲ್ಲ. ನನ್ನ ರವಿಕೆ ಅವನ ಹತ್ತಿರವೇ ಉಳಿದಿತ್ತು, ಕೇಳಲು ಹೋದೆ. ಹೊಲಿಯದ ಬಟ್ಟೆಯನ್ನು ಹಾಗೇ ಮಡಚಿ ಕೈಗೆ ಕೊಟ್ಟು, "ಹಾಕಿಬಿಡಮ್ಮ, ಹಾಕಿಬಿಡು" ಅಂದ. ಔಷಧಿ ಅಂಗಡಿಯವರು ಸಹಿ ಹಾಕಿದ ಮಾರನೇ ದಿನವೇ ಸಂಸಾರ ಸಮೇತ ಊರು ಬಿಟ್ಟರು.

ಸಹಿ ಯಾವುದಕ್ಕೆ ಎಂದರೆ, ಮೇಡಂ ಕಡೆಯವರು ಪೆಟ್ಟಿಗೆಗೆ ಕಳ್ಳ ಓಟು ತುಂಬಿದ್ದನ್ನು ನಾವು ಕಣ್ಣಾರೆ ಕಂಡೆವು ಎಂಬ ಹೇಳಿಕೆಗೆ. ಮೂವರದೂ ಬಿದ್ದರೆ ಫಲಿತಾಂಶ ರದ್ದು, ಮೇಡಂ ಜೈಲಿಗೆ. ನಾನು ಕಂಡದ್ದು ಏನು ಗೊತ್ತೇ? ಒಬ್ಬ ಮುದುಕಿ ಶಾಯಿ ಹಚ್ಚಿದ ಬೆರಳನ್ನು ಊದಿ ಊದಿ ಒಣಗಿಸಿಕೊಂಡದ್ದು. ಅಷ್ಟೇ.

ಹೋದ ವಾರದಿಂದ ಒಬ್ಬ ಮನುಷ್ಯ ನಮ್ಮ ಸಲೂನಿಗೆ ಬಂದು ಕೂರತೊಡಗಿದ. ಹೆಂಗಸರ ಸಲೂನು ಎಂದು ಬಾಗಿಲ ಮೇಲೇ ಬರೆದಿದೆ. "ಹೆಂಡ್ತಿ ಬರ್ತಾಳೆ, ಕಾಯ್ತೀನಿ" ಅಂದ. ಯಜಮಾನಿ ಮೊದಲ ದಿನ ಟೀ ತರಿಸಿ ಕೊಟ್ಟಳು. ಹೆಂಡತಿ ಬರಲಿಲ್ಲ. ಮಾರನೇ ದಿನವೂ ಅವನು ಬಂದ, ಹೆಂಡತಿ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು, ಯಾರಾದರೂ ವಯಸ್ಸಾದವರು ಬಂದರೆ ಎದ್ದು ಜಾಗ ಕೊಡುತ್ತಾನೆ. ಗಿರಾಕಿಗಳು ಬಾಗಿಲವರೆಗೆ ಬಂದು ಅವನನ್ನು ಕಂಡು ಏನೋ ಮರೆತವರ ಹಾಗೆ ತಿರುಗಿ ಹೋಗುತ್ತಾರೆ. ಸಂಜೆ ನಾನು ಮನೆ ಸೇರಿ ಕಿಟಕಿಯಿಂದ ನೋಡಿದರೆ ದೀಪದ ಕೆಳಗೆ ನಿಂತಿರುತ್ತಾನೆ. ನಾನು ಕೇಳಿ ಹಾಕಿಸಿಕೊಂಡ ದೀಪ ಅಕ್ಕ, ಅವನ ಕಾಲರಿನ ಗುಂಡಿಯೂ ಕಾಣುವಷ್ಟು ಬೆಳಕು.

ಸೋಮವಾರ ಅವನು ಎದ್ದು ನೇರ ನನ್ನ ಕುರ್ಚಿಯಲ್ಲಿ ಬಂದು ಕೂತ. "ನಂಗೂ ಸ್ವಲ್ಪ ಕತ್ತರಿಸಿ, ಬೆಳೆದುಬಿಟ್ಟಿದೆ" ಅಂದ. ಇಲ್ಲಿ ಗಂಡಸರಿಗೆ ಮಾಡುವುದಿಲ್ಲ ಎಂದು ಯಜಮಾನಿ ಹೇಳಿದಳು. "ಗಂಡೋ ಹೆಣ್ಣೋ ಅಂತ ಕೂದಲಿಗೇನು ಗೊತ್ತು" ಎಂದು ನಕ್ಕ. ಯಜಮಾನಿಯೂ ನಗಬೇಕಾಯಿತು.

ಬಟ್ಟೆ ಹೊದಿಸಿ, ನೀರು ಚಿಮುಕಿಸಿ ಶುರು ಮಾಡಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತ, "ಅಮ್ಮ ಊರಲ್ಲಿಲ್ಲ ಅಲ್ವಾ?" ಅಂದ. ಹೂಂ ಅಂದೆ. "ಒಳ್ಳೇದೇ ಬಿಡಿ. ವಯಸ್ಸಾದೋರು ಇಂಥ ಹೊತ್ತಲ್ಲಿ ದೂರ ಇದ್ದರೇ ವಾಸಿ." ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಂಗೆ ಮುಂದಿನ ತಿಂಗಳ ಕೊನೇಲಿ ಅಲ್ವಾ? ಚೊಚ್ಚಲು ಬೇರೆ. ಹುಷಾರಾಗಿ ನೋಡ್ಕೋಬೇಕು" ಅಂದ.

ನಾನು ಕತ್ತರಿಸುತ್ತಲೇ ಇದ್ದೆ. ಹಿಂದೆ ದುಂಡಗೆ ಬಿಡಲೋ ನೇರ ಮಾಡಲೋ ಎಂದು ಕೇಳಿದೆ. ನೇರ ಅಂದ. ಕ್ಷೌರದ ಕತ್ತಿ ತೆಗೆದುಕೊಂಡು ಅವನ ಕುತ್ತಿಗೆಯ ಮೇಲೆ ಗೆರೆ ತೆಗೆದೆ. ಕತ್ತಿ ಇದ್ದದ್ದು ನನ್ನ ಕೈಯಲ್ಲಿ. ಕುತ್ತಿಗೆ ಬಗ್ಗಿಸಿ ಕೂತವನು ಅವನು. ಹೆದರಿದವಳು ಮಾತ್ರ ನಾನು. ಏಳುವಾಗ ಅಂಗಿ ಕೊಡವಿಕೊಂಡು, "ಗುರುವಾರ ಬೆಳಿಗ್ಗೆ ಕಚೇರಿಗೆ ಬಂದು ಹೋಗಿ. ಇನ್ನಿಬ್ಬರದು ಆಗಿದೆ. ಒಂದು ಸಹಿ, ಅಷ್ಟೇ" ಅಂದ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡು, "ಕೈ ಚೆನ್ನಾಗಿದೆ ನಿಮ್ದು" ಅಂತಲೂ ಅಂದ.

ನಿನ್ನ ಹೆರಿಗೆಯ ತಿಂಗಳು ಅವನಿಗೆ ಹೇಗೆ ಗೊತ್ತು? ನಮ್ಮ ಫೋನು ಕೇಳಿಸಿಕೊಳ್ಳುತ್ತಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಈ ವಿಷಯ ಎತ್ತಬೇಡ, ಬಣ್ಣದ ಮಾತಷ್ಟೇ ಆಡು.

ನಿನ್ನೆ ಕೆಲಸ ಮುಗಿಸಿ ಮೇಡಂ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೊದಲು ಪಾಠ ಹೇಳಿಸಿಕೊಳ್ಳಲು ಮಕ್ಕಳು ತುಂಬಿರುತ್ತಿದ್ದ ಜಗಲಿಯಲ್ಲಿ ಈಗ ಒಬ್ಬರೂ ಇಲ್ಲ. ಚಾಪೆಗಳನ್ನು ಮಾತ್ರ ಹಾಸಿಟ್ಟಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಹಾಕಿಬಿಡೇ. ನಂಗೆ ವಯಸ್ಸಾಯ್ತು, ಎಲ್ಲಿ ಕೂಡಿಹಾಕಿದರೂ ಪುಸ್ತಕ ಓದ್ಕೊಂಡಿರ್ತೀನಿ. ನಿಂದು ಇನ್ನೂ ಶುರು" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ಅವತ್ತು ನಿಂಗೇನು ಬೇಕು ಅಂತ ಕೇಳಿದ್ರಿ. ಇವತ್ತು ಅದನ್ನ ಕೇಳ್ತಾನೇ ಇಲ್ವಲ್ಲ" ಅಂದುಬಿಟ್ಟೆ. ಅವರು ಗಿಡ್ಡ ಕೂದಲಲ್ಲಿ ಬೆರಳಾಡಿಸಿದರು. ಆಮೇಲೆ ಬಹಳ ಮೆಲ್ಲಗೆ, "ಏನು ಬೇಕು?" ಅಂದರು. ನಾನು ಅತ್ತುಬಿಟ್ಟೆ. ಅವರೇ ಟೀ ಮಾಡಿ ಕೊಟ್ಟರು, ನಾವು ನಿನ್ನ ಮಗುವಿನ ವಿಷಯ ಮಾತಾಡಿದೆವು.

ಉತ್ತರ ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ನನ್ನ ಕೆಲಸವೇ ಕನ್ನಡಿಯ ಮುಂದೆ ಅಕ್ಕ. ಬೇರೆಯವರು ಸುಳ್ಳಿಗೆ ಸಹಿ ಹಾಕಿ ಮನೆಗೆ ಬಂದು ಕನ್ನಡಿಗೆ ಬೆನ್ನು ಹಾಕಬಹುದು. ನಾನು ಬೆಳಗಿನಿಂದ ಸಂಜೆಯವರೆಗೆ ಅದರ ಎದುರೇ ನಿಲ್ಲಬೇಕು. ನಾಳೆ ಹೋಗುತ್ತೇನೆ, ಸಹಿ ಹಾಕುವುದಿಲ್ಲ. ಧೈರ್ಯ ಎಂದುಕೊಳ್ಳಬೇಡ. ಗೆಲ್ಲುತ್ತೇವೆ ಎಂಬ ನಂಬಿಕೆಯೂ ಉಳಿದಿಲ್ಲ. ಒಂದು ಕಾಲದಲ್ಲಿ ಹೆಂಗಸರು ನನ್ನ ಮೇಲೆ ರೇಗುತ್ತಿದ್ದರಲ್ಲ, ಆ ಸದ್ದು ಮತ್ತೆ ಕೇಳಬೇಕು ಅಂತ ಆಸೆ, ಅಷ್ಟೇ.

ಯಜಮಾನಿ ಈಗಷ್ಟೇ ಟವೆಲ್ ಮಡಚುತ್ತ, ನನ್ನ ಮುಖ ನೋಡದೆ, "ನಾಳೆ ರಜೆ ತಗೋ. ನಾಳಿದ್ದೂ ತಗೋ. ನಾನು ಹೇಳೋವರೆಗೂ ತಗೋ" ಅಂದಳು. ಅವಳ ಮೇಲೆ ಕೋಪವಿಲ್ಲ. ಅವಳಿಗೂ ಮಕ್ಕಳಿದ್ದಾರೆ.

ಭಾನುವಾರದೊಳಗೆ ನಾನು ಫೋನು ಮಾಡದಿದ್ದರೆ ಮೇಡಂಗೆ ಮಾಡು, ಅವರೂ ಸಿಗದಿದ್ದರೆ ಯಾರಿಗೂ ಮಾಡಬೇಡ. ಹುಡುಕಿಕೊಂಡು ಬರಬೇಡ. ಅಮ್ಮನಿಗೆ ತರಬೇತಿಗೆ ಹೋಗಿದ್ದಾಳೆ ಎಂದು ಹೇಳು, ಕೂದಲಿಗೆ ಹೊಸ ಬಗೆಯ ಬಣ್ಣ ಹಚ್ಚುವುದನ್ನು ಕಲಿಯಲು. ನಂಬುತ್ತಾಳೆ. ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಚಿಕ್ಕಮ್ಮ ಕೇಳಿದಳು ಎಂದು ಹೇಳು. ಭಾವನಿಗೆ ನನ್ನ ನೆನಪುಗಳು.

ನಿನ್ನ
ಕಡ್ಡಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮ್ಮೂರಿಗೆ ಹೊರಟಿರುವ ಗಿರಾಕಿಯೊಬ್ಬರು ಶುಕ್ರವಾರ ನೀನು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದಾಗ ನಿನ್ನ ಕೈಗೇ ಕೊಡುತ್ತಾರೆ. ಓದಿ ಅಲ್ಲೇ ಹರಿದುಬಿಡು. ಭಾವನಿಗೆ ನನ್ನ ನೆನಪು ಹೇಳಬೇಡ, ಪತ್ರ ಬಂತು ಅಂತಲೂ ಹೇಳಬೇಡ. ಆ ಮನುಷ್ಯ ಕುರ್ಚಿಯಿಂದ ಏಳುವ ಮುಂಚೆ ಇನ್ನೊಂದು ಮಾತು ಆಡಿದ್ದ, ಅದನ್ನು ಮೇಲೆ ಬರೆಯಲಿಲ್ಲ. ಹೆಣ್ಣಾದರೆ ಇಡಬೇಕೆಂದು ನೀನು ಆರಿಸಿದ ಹೆಸರನ್ನು ಹೇಳಿ, "ಮುದ್ದಾದ ಹೆಸರು" ಅಂದ. ಆ ಹೆಸರನ್ನು ನಾವು ಫೋನಿನಲ್ಲಿ ಯಾವತ್ತೂ ಆಡಿಲ್ಲ ಅಕ್ಕ. ನಾನು ಬಂದಿದ್ದಾಗ ನಿನ್ನ ಅಡುಗೆಮನೆಯಲ್ಲಿ ನೀನೇ ಹೇಳಿದೆ, ಬೇರೆ ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡೆ. ಅಲ್ಲಿ ಇದ್ದವರು ನೀನು, ಅಮ್ಮ, ನಾನು, ಭಾವ. ಭಾವನನ್ನು ಬೈಯಬೇಡ. ಅವರ ಕಚೇರಿಯಲ್ಲೂ ಯಾರೋ ದಿನಾ ಬಂದು ಕೂರುತ್ತಿರಬಹುದು. ಒಂದು ಹೆಸರು ಹೇಳಿದರೆ ಏನಾದೀತು ಎಂದುಕೊಂಡಿರಬಹುದು. ಏನೂ ಕೇಳಬೇಡ, ಎಂದಿನ ಹಾಗೇ ಇರು. ಮಗುವಿಗೆ ಮಾತ್ರ ಬೇರೆ ಹೆಸರು ಹುಡುಕು. ಹುಡುಕಿ ಯಾರಿಗೂ ಹೇಳಬೇಡ. ನನಗೂ.