ಕೆರೆಯಂಚಿನ ರಸ್ತೆಯ ಸೊನ್ನೆ

ರಸ್ತೆ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ಕಳೆದ ತಿಂಗಳು ಇದೇ ಪತ್ರಿಕೆಯಲ್ಲಿ ಪ್ರಕಟವಾದ ನನ್ನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ. ಮೊದಲು ಅದಕ್ಕೆ ಕ್ಷಮೆ ಕೋರುತ್ತೇನೆ. ನೀವು ಅಗೆದು ಹಾಕಲು ಹೊರಟಿರುವ ಕೆರೆಯಂಚಿನ ಹಳೆಯ ರಸ್ತೆಯಲ್ಲಿ ಮಾರ್ಚ್ ೧೪ರಂದು ಒಂದು ವಾಹನವೂ ಸಂಚರಿಸಲಿಲ್ಲವೆಂಬ ನಿಮ್ಮ ಎಣಿಕೆ ಸುಳ್ಳು, ಅಂದು ನಾನೂ ನನ್ನ ಹೆಂಡತಿಯೂ ಅಲ್ಲಿಯೇ ಹೋಗಿದ್ದೆವು ಎಂದು ಬರೆದಿದ್ದೆ. ಹೋಗಿರಲಿಲ್ಲ. ನನ್ನ ಮಾತನ್ನು ನಂಬಿ ನೀವು ಎಣಿಕೆಗೆ ಕುಳಿತಿದ್ದ ಮಹಿಳೆಗೆ ನೋಟಿಸು ಕೊಟ್ಟಿರಿ. ನಾಗರಿಕನೊಬ್ಬನ ಪತ್ರಕ್ಕೆ ನಿಮ್ಮ ಕಚೇರಿ ಇಷ್ಟು ಬೇಗ ಸ್ಪಂದಿಸಿದ್ದು ಇದೇ ಮೊದಲಿರಬೇಕು.

ಆಕೆ ನೋಟಿಸು ಹಿಡಿದು ನಮ್ಮ ಮನೆಗೇ ಬಂದರು. “ಯಜಮಾನ್ರೇ, ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಮರದ ಕೆಳಗೇ ಕೂತಿದ್ದೆ. ಒಂದು ನಾಯಿ ಬಂತು, ಅದಕ್ಕೆ ಫಾರಮ್ಮಲ್ಲಿ ಕಾಲಮ್ಮು ಇರ್ಲಿಲ್ಲ. ನೀವು ಬಂದಿದ್ರೆ ಎದ್ದು ನಿಂತು ಬರ್ಕೊಳ್ತಿದ್ದೆ, ಅಷ್ಟು ಬೇಜಾರಾಗಿತ್ತು.”

ಹೆಂಡತಿ ಪ್ರತಿ ಪ್ರಯಾಣವನ್ನೂ ಬರೆದಿಡುತ್ತಿದ್ದ ಪುಸ್ತಕವನ್ನು ತೆರೆದು ನೋಡಿದೆ. ಮೂವತ್ತೆರಡು ವರ್ಷ ಕಾರು ನಡೆಸಿದವಳು ಅವಳು. ಪಕ್ಕದಲ್ಲಿ ಕುಳಿತು ರಸ್ತೆಬದಿಯ ಫಲಕಗಳಲ್ಲಿನ ಕಾಗುಣಿತದ ತಪ್ಪು ಹುಡುಕುವುದಷ್ಟೇ ನನ್ನ ಕೆಲಸ. ಹೆದ್ದಾರಿ ಬಂದ ಮೇಲೂ ಅವಳು ಹಳೆಯ ರಸ್ತೆಯನ್ನು ಬಿಡಲಿಲ್ಲ. ನೆಂಟರ ಮನೆಗೆ ತಡವಾಗುತ್ತದೆ ಎಂದರೆ, “ಅಷ್ಟು ಬೇಗ ಹೋಗಿ ಅವ್ರ ಬಾಗಿಲು ಗುಡಿಸ್ಬೇಕಾ?” ಎನ್ನುತ್ತಿದ್ದಳು. ಪುಸ್ತಕದ ಕೊನೆಯ ಬರಹ ಜನವರಿಯದು: “ಕೆರೆಯಲ್ಲಿ ನೀರು ಕಡಿಮೆ. ಇವರು ಮೂರು ಫಲಕ ತಿದ್ದಿದರು, ಬಾಯಲ್ಲೇ.”

ಮಾರ್ಚ್ ೧೪ರಂದು ಆಸ್ಪತ್ರೆಗೆ ಕಾರು ನಡೆಸಿದ್ದು ಅವಳ ತಮ್ಮ. ಹಿಂದಿನ ಆಸನದಲ್ಲಿ ಒರಗಿದ್ದವಳು, “ಕೆರೆ ಕಡೆಯಿಂದ ಹೋಗೋಣ ಕಣ್ರೀ” ಎಂದಳು.

“ಡಾಕ್ಟ್ರು ಕಾಯ್ತಿರ್ತಾರೆ. ಬರುವಾಗ ಹೋಗೋಣ” ಎಂದೆ.

ನಿಮ್ಮ ಹೆದ್ದಾರಿಯ ಫಲಕ ಜಂಬದಿಂದ ಸಾರುವ ಇಪ್ಪತ್ತೆರಡು ನಿಮಿಷ ನಿಜಕ್ಕೂ ಉಳಿಯಿತು. ಅದನ್ನು ವೈದ್ಯರ ಮುಚ್ಚಿದ ಬಾಗಿಲಿನೆದುರು, ಕಬ್ಬಿಣದ ಬೆಂಚಿನ ಮೇಲೆ ಕುಳಿತು ಕಳೆದೆವು. ಹೀಗೆ ಉಳಿದ ಸಮಯವನ್ನು ಪ್ರಜೆಗಳು ಎಲ್ಲಿ ತೆಗೆದಿಡಬೇಕೆಂದು ನಿಮ್ಮ ಇಲಾಖೆ ಎಂದಾದರೂ ಯೋಚಿಸಿದೆಯೇ? ಮೂರನೆಯ ದಿನ ಅವಳನ್ನು ತಂದ ವಾಹನಕ್ಕೆ ಹಿಂಭಾಗದಲ್ಲಿ ಕಿಟಕಿ ಇರಲಿಲ್ಲ. ಚಾಲಕ ಕೇಳದೆ ಹೆದ್ದಾರಿಯನ್ನೇ ಹಿಡಿದ. ನಾನೂ ಬೇರೆ ದಾರಿ ಹೇಳಲಿಲ್ಲ. ಕೊಟ್ಟ ಮಾತನ್ನು ನಡೆದ ಸಂಗತಿಯೆಂದು ನನ್ನ ಮನಸ್ಸು ಯಾವಾಗ ಬರೆದುಕೊಂಡಿತೋ, ತಿಳಿಯದು.

ಆದ್ದರಿಂದ ನಿಮ್ಮ ಸೊನ್ನೆ ಸರಿಯಾಗಿದೆ. ಅದು ನಾನು ಬರೆಸಿದ ಸೊನ್ನೆ. ಆದರೆ ಒಬ್ಬ ಗಂಡನ ಆತುರವನ್ನು ಆಧಾರವಾಗಿಟ್ಟುಕೊಂಡು ಇಡೀ ರಸ್ತೆಯನ್ನು ಅಗೆದು ಹಾಕುವುದು ಯಾವ ನ್ಯಾಯ? ಎಣಿಕೆಯ ಆ ಮಹಿಳೆಯ ಮೇಲಿನ ನೋಟಿಸನ್ನು ಹಿಂಪಡೆಯಿರಿ. ಅಗೆಯುವ ಮುನ್ನ ಆಕೆಯನ್ನೇ ಅದೇ ಮರದ ಕೆಳಗೆ ಇನ್ನೊಂದು ದಿನ ಎಣಿಕೆಗೆ ಕೂರಿಸಿರಿ. ನನಗೆ ಕಾರು ನಡೆಸಲು ಬಾರದು, ನಡೆದು ಬರುತ್ತೇನೆ. ನಿಮ್ಮ ನಮೂನೆಯಲ್ಲಿ ಪಾದಚಾರಿಗೂ ಒಂದು ಅಂಕಣವಿರಲಿ.

ಇಂತಿ,
ನಲವತ್ತು ವರ್ಷ ಪರರ ಕರಡು ತಿದ್ದಿ, ತನ್ನದೊಂದು ದಿನಾಂಕದಲ್ಲಿ ಎಡವಿದ
ಮುದ್ರಣಾಲಯದ ನಿವೃತ್ತ ನೌಕರ

ತಿದ್ದುಪಡಿ:
ಹಳೆಯ ರಸ್ತೆಯಲ್ಲಿ ನಾವು ಕೊನೆಯ ಬಾರಿ ಹೋದದ್ದು: ‘ಮಾರ್ಚ್ ೧೪’ ಎಂದಿರುವುದನ್ನು ‘ಜನವರಿ ೨೭’ ಎಂದು ಓದಿಕೊಳ್ಳಬೇಕು.
ಹೆದ್ದಾರಿಯಲ್ಲಿ ಹೋದದ್ದು: ಮಾರ್ಚ್ ೧೪.
ಹೆದ್ದಾರಿಯಲ್ಲಿ ಅವಳನ್ನು ತಂದದ್ದು: ಮಾರ್ಚ್ ೧೬.
ಬರುವಾಗ ಕೆರೆಯ ಕಡೆಯಿಂದ ಬಂದದ್ದು: ಖಾಲಿ ಬಿಟ್ಟಿದ್ದೇನೆ. ಎಣಿಕೆಯ ದಿನವನ್ನು ತಿಳಿಸಿದರೆ ತುಂಬುತ್ತೇನೆ.