ಇಲ್ಲದ ಕಾದಂಬರಿಯ ಕೊನೆ

ಭಾನುವಾರ, ಹದಿನಾಲ್ಕನೇ ತಾರೀಕು.

ಇಂದು ನನ್ನ ಮಾನ ಕೂದಲೆಳೆಯಲ್ಲಿ ಉಳಿಯಿತು. ಕಳೆದ ವಾರ, ಹೊಲಿಗೆ ಅಕ್ಕನ ಅಂಗಡಿಯಲ್ಲಿ ಸೇರುವ ನಮ್ಮ ಓದುಗರ ಕೂಟದಲ್ಲಿ, ಬೀಗ ರಿಪೇರಿಯವನೊಬ್ಬನ ಕುರಿತ ಕಾದಂಬರಿಯೊಂದನ್ನು ಪರಮ ಗಂಭೀರವಾಗಿ ಹೊಗಳಿ ಎಲ್ಲರೂ ಓದಲೇಬೇಕು ಎಂದಿದ್ದೆ. ಅಂಥ ಕಾದಂಬರಿಯೇ ಇಲ್ಲ. ಎಲ್ಲರನ್ನೂ ಸುಮ್ಮನೆ ಹುಡುಕಾಡಿಸುವುದು ನನ್ನ ಘನ ಉದ್ದೇಶವಾಗಿತ್ತು.

ಇಂದು ಪೋಸ್ಟ್‌ಮ್ಯಾನ್ ಮಾವ ಮೊಣಕಾಲು ನೀವಿಕೊಳ್ಳುತ್ತ, "ಮೂರು ಲೈಬ್ರರಿ ಅಲೆದೆ ಕಣೋ. ಎಲ್ಲೂ ಇಲ್ವಲ್ಲ?" ಎಂದರು.

"ನಾನು ಓದಿದೀನಿ ಬಿಡಿ ಮಾವ," ಎಂದಳು ಅಕ್ಕ, ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಲೇ. ಆಮೇಲೆ ಕಥೆ ಶುರುಮಾಡಿದಳು. ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಆ ಬೀಗದವನನ್ನು ಕರೆಸಿ ಖಾಲಿ ಪೆಟ್ಟಿಗೆಯ ಬೀಗ ತೆಗೆಸುತ್ತಾಳಂತೆ, ಮಾತಾಡಲು ಯಾರಾದರೂ ಬೇಕು ಅಂತ. ಅದು ಗೊತ್ತಿದ್ದೇ ಅವನೂ ಪ್ರತಿ ಸಲ ಬೀಗವನ್ನು ಸ್ವಲ್ಪ ಬಿಗಿಯಾಗಿಯೇ ಬಿಟ್ಟು ಹೋಗುತ್ತಾನಂತೆ. ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೊನೇಲಿ ಏನಾಯ್ತಮ್ಮ?"

"ಅದನ್ನ ಇವನು ಹೇಳ್ತಾನೆ, ಮುಂದಿನ ವಾರ. ಮೊದಲು ಓದಿದೋನು ಇವನೇ ಅಲ್ವಾ?" ಎಂದಳು, ತಲೆಯೆತ್ತದೆ.

ಎಂಥ ಹೆಂಗಸು ಮಾರಾಯರೆ. ಬಯ್ಯಲಿಲ್ಲ, ಬಿಟ್ಟುಕೊಡಲೂ ಇಲ್ಲ. ಕೈಯಲ್ಲಿ ಸೂಜಿ, ಬಾಯಲ್ಲಿ ಒಂದು ಇಡೀ ಕಾದಂಬರಿ. ಇಷ್ಟು ಹೊತ್ತಿಗೆ ನಾಲ್ಕು ಕೊನೆ ಬರೆದು ಹೊಡೆದುಹಾಕಿದ್ದೇನೆ. ಒಂದೂ ಅವಳ ಅಜ್ಜಿಗೆ ತಕ್ಕುದಲ್ಲ. ಮಾವನಿಗೆ ನಾಳೆ ನಿಜ ಹೇಳಿ ಬೈಸಿಕೊಳ್ಳುತ್ತೇನೆ. ಅದಕ್ಕೂ ಮೊದಲು ಅಕ್ಕನ ಅಂಗಡಿಗೆ ಹೋಗಿ, ಆ ಅಜ್ಜಿ ಕೊನೆಗೆ ಏನಾದಳು ಅಂತ ಕೇಳದಿದ್ದರೆ ನನಗೆ ಸಮಾಧಾನವಿಲ್ಲ.